ಕೈರುಚಿ ಯಾರದು, ಲಾಭ ಯಾರಿಗೆ: ‘ಇಮಿಟೇಷನ್ ಆಫ್ ಲೈಫ್’ ಕಾದಂಬರಿ ಮತ್ತು ಅದರ ಎರಡು ಚಿತ್ರರೂಪಗಳಲ್ಲಿ ವರ್ಣ ಮತ್ತು ತಾಯ್ತನ

ಫ್ಯಾನಿ ಹರ್ಸ್ಟ್ ಅವರ ‘ಇಮಿಟೇಷನ್ ಆಫ್ ಲೈಫ್’ 1933ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಅದಕ್ಕೆ ಮೊದಲು ‘ಪಿಕ್ಟೋರಿಯಲ್ ರಿವ್ಯೂ’ ಎಂಬ ಮಹಿಳಾ ಪತ್ರಿಕೆಯಲ್ಲಿ ಬೇರೆ ಹೆಸರಿನಿಂದ ಧಾರಾವಾಹಿಯಾಗಿ ಬಂದಿತ್ತು. ಓಹಾಯೋದಲ್ಲಿ ಹುಟ್ಟಿ ಸೇಂಟ್ ಲೂಯಿಸ್‌ನಲ್ಲಿ ಬೆಳೆದ ಯಹೂದಿ ಮನೆತನದ ಹರ್ಸ್ಟ್ ಅಂದಿನ ಅಮೆರಿಕದಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುತ್ತಿದ್ದ ಲೇಖಕರಲ್ಲಿ ಒಬ್ಬರು. ಓದುಗರು ಮುಗಿಬಿದ್ದು ಓದುತ್ತಿದ್ದರು, ವಿಮರ್ಶಕರು ಮೂಗು ಮುರಿಯುತ್ತಿದ್ದರು. ಅವರ ಉಳಿದ ಪುಸ್ತಕಗಳನ್ನು ಇಂದು ಕೇಳುವವರು ಕಡಿಮೆ. ಈ ಒಂದು ಕಥೆ ಮಾತ್ರ ಎರಡು ಬಾರಿ ತೆರೆಗೆ ಬಂತು: 1934ರಲ್ಲಿ ಜಾನ್ ಎಂ. ಸ್ಟಾಲ್ ನಿರ್ದೇಶನದಲ್ಲಿ, 1959ರಲ್ಲಿ ಡಗ್ಲಸ್ ಸರ್ಕ್ ನಿರ್ದೇಶನದಲ್ಲಿ. ಎರಡನ್ನೂ ತಯಾರಿಸಿದ್ದು ಯೂನಿವರ್ಸಲ್ ಸಂಸ್ಥೆ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯ ಪಟ್ಟಿಗೆ ಮೊದಲನೆಯದು 2005ರಲ್ಲಿ, ಎರಡನೆಯದು 2015ರಲ್ಲಿ ಸೇರಿತು.

ಈ ಕೃತಿಗಳ ಚರ್ಚೆ ಸಾಮಾನ್ಯವಾಗಿ ಒಬ್ಬ ಮಗಳ ಸುತ್ತ ನಡೆಯುತ್ತದೆ. ಕಪ್ಪು ತಾಯಿಗೆ ಹುಟ್ಟಿ, ಮೈಬಣ್ಣದಲ್ಲಿ ಬಿಳಿಯಳಂತಿದ್ದು, ಬಿಳಿಯಳೆಂದೇ ಬದುಕಲು ಹೊರಡುವ ಹುಡುಗಿ ಅವಳು. ತಾಯಿಯನ್ನು ತೊರೆದವಳ ಕಥೆ ಎಂದು ಅದನ್ನು ಓದಿದರೆ ಕಣ್ಣೀರು ಸುಲಭವಾಗಿ ಬರುತ್ತದೆ. ನೋಟ ಅಲ್ಲಿಗೇ ನಿಲ್ಲುತ್ತದೆ. ಮಗಳನ್ನು ಅರಿಯಬೇಕಾದರೆ ಇಬ್ಬರು ತಾಯಂದಿರ ನಡುವಿನ ದುಡ್ಡಿನ ಲೆಕ್ಕವನ್ನು ಮೊದಲು ನೋಡಬೇಕು ಎಂಬುದು ಈ ಲೇಖನದ ವಾದ. ಕಾದಂಬರಿಯಿಂದ ಮೊದಲ ಚಿತ್ರಕ್ಕೆ, ಅದರಿಂದ ಎರಡನೆಯದಕ್ಕೆ ಬರುವಾಗ ಆ ಲೆಕ್ಕವನ್ನು ಒಂದೊಂದು ಬಾರಿ ಒಂದೊಂದು ರೀತಿಯಲ್ಲಿ ಮರೆಮಾಡಲಾಗಿದೆ. ಮರೆಮಾಡಲು ಬಳಸಿದ ಪರದೆ ತಾಯ್ತನ.

ಕಾದಂಬರಿಯ ನಾಯಕಿ ಬೀ ಪುಲ್‌ಮನ್ ಅಟ್ಲಾಂಟಿಕ್ ಸಿಟಿಯ ಯುವ ವಿಧವೆ. ಗಂಡ ರೈಲು ಅಪಘಾತದಲ್ಲಿ ಸತ್ತಿದ್ದಾನೆ, ಮನೆಯಲ್ಲಿ ಪಾರ್ಶ್ವವಾಯು ಬಡಿದ ತಂದೆ, ಕೈಯಲ್ಲಿ ಹಸುಗೂಸು. ಗಂಡ ಮಾರುತ್ತಿದ್ದ ಮೇಪಲ್ ಸಿರಪ್ಪಿನ ವ್ಯಾಪಾರವನ್ನು ಅವಳು ಅವನ ಹೆಸರಿನ ಕಾರ್ಡುಗಳಲ್ಲೇ ಮುಂದುವರಿಸುತ್ತಾಳೆ. ‘ಬಿ. ಪುಲ್‌ಮನ್’ ಎಂದಷ್ಟೇ ಅಚ್ಚಾಗಿರುವ ಕಾರ್ಡಿನ ಹಿಂದೆ ಹೆಂಗಸಿದ್ದಾಳೆಂದು ಸಗಟು ವ್ಯಾಪಾರಿಗಳಿಗೆ ತಿಳಿಯುವುದಿಲ್ಲ. ಮನೆಗೆಲಸಕ್ಕೆ, ಮಗುವಿನ ಆರೈಕೆಗೆ ಡೆಲೈಲಾ ಎಂಬ ಕಪ್ಪು ಹೆಂಗಸು ಬರುತ್ತಾಳೆ. ಜೊತೆಗೆ ಅವಳ ಮಗಳು ಪಿಯೋಲಾ. ಡೆಲೈಲಾಳ ಕೈಯಡುಗೆ ಬೀಯ ಬಂಡವಾಳವಾಗುತ್ತದೆ. ಮೊದಲು ಮೇಪಲ್ ಸಕ್ಕರೆಯ ಮಿಠಾಯಿ, ಆಮೇಲೆ ವಾಫಲ್. ಬಾಣಸಿಗರ ಟೋಪಿ ಹಾಕಿ ನಗುವ ಡೆಲೈಲಾಳ ಫೋಟೋ ಡಬ್ಬಿಗಳ ಮೇಲೆ ಕೂರುತ್ತದೆ. ಕೊನೆಗೆ ಊರೂರಲ್ಲಿ ‘ಬಿ. ಪುಲ್‌ಮನ್’ ಅಂಗಡಿಗಳು.

ಮೊದಲ ಅಂಗಡಿಯನ್ನು ರೈಲು ಡಬ್ಬಿಯ ಆಕಾರದಲ್ಲಿ ಕಟ್ಟಿಸಿರುವುದನ್ನು ಗಮನಿಸಬೇಕು. ಪುಲ್‌ಮನ್ ಎಂದರೆ ಅಮೆರಿಕನ್ನರಿಗೆ ಆಗ ನೆನಪಾಗುತ್ತಿದ್ದದ್ದು ಆ ಹೆಸರಿನ ಕಂಪನಿಯ ಮಲಗುವ ಗಾಡಿಗಳು ಮತ್ತು ಅವುಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸಿ ಸೇವೆ ಮಾಡುತ್ತಿದ್ದ ಕಪ್ಪು ಪೋರ್ಟರುಗಳು. ಆ ಪೋರ್ಟರುಗಳು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ನೇತೃತ್ವದಲ್ಲಿ ಸಂಘ ಕಟ್ಟಿ ಕೂಲಿಗಾಗಿ ಹೋರಾಡುತ್ತಿದ್ದ ಕಾಲದಲ್ಲೇ ಹರ್ಸ್ಟ್ ಈ ಕಾದಂಬರಿ ಬರೆದರು. ಡಬ್ಬಿಯ ಮೇಲಿನ ನಗುಮುಖಕ್ಕೂ ಮಾದರಿಯಿತ್ತು. ‘ಆಂಟ್ ಜೆಮೈಮಾ’ ಪ್ಯಾನ್‌ಕೇಕ್ ಹಿಟ್ಟು 1889ರಷ್ಟು ಹಳೆಯದು. ಗುಲಾಮಗಿರಿಯಲ್ಲಿ ಹುಟ್ಟಿದ್ದ ನ್ಯಾನ್ಸಿ ಗ್ರೀನ್ 1893ರ ಷಿಕಾಗೋ ವಿಶ್ವಮೇಳದಲ್ಲಿ ಆ ಪಾತ್ರವಾಗಿ ನಿಂತು ಪ್ಯಾನ್‌ಕೇಕ್ ಹುಯ್ದು ಕೊಟ್ಟಿದ್ದರು. ಬಿಳಿಯರ ಮಕ್ಕಳನ್ನು ಸಾಕುವ ದಪ್ಪ ಮೈಯ, ಸದಾ ನಗುವ ಕಪ್ಪು ದಾದಿ, ಅಂದರೆ ‘ಮ್ಯಾಮಿ’, ಹೀಗೆ ಹಿಟ್ಟಿನ ಪೊಟ್ಟಣದ ಮೇಲಿನ ಮುದ್ರೆಯಾದಳು. ಲಾರೆನ್ ಬರ್ಲಂಟ್ 1991ರ ತಮ್ಮ ಪ್ರಬಂಧದಲ್ಲಿ ಈ ಕಥೆಯನ್ನು ವಾಣಿಜ್ಯ ಮುದ್ರೆ ಮತ್ತು ದೇಹಗಳ ಸಂಬಂಧವಾಗಿ ಓದಿದ್ದು ಸರಿಯಾದ ದಾರಿ. ಬಿಳಿಯ ಹೆಂಗಸಿಗೆ ತನ್ನ ದೇಹವನ್ನು ಒಂದಕ್ಷರದ ಹಿಂದೆ ಅಡಗಿಸುವ ಅನುಕೂಲವಿದೆ. ಕಪ್ಪು ಹೆಂಗಸಿನ ದೇಹವೇ ಸರಕಿನ ಗುರುತು. ಬೀ ಗಂಡಸಿನ ಹೆಸರಲ್ಲಿ ನಡೆಸುವ ವೇಷಾಂತರ ಜಾಣ್ಮೆ ಎನಿಸಿಕೊಳ್ಳುತ್ತದೆ, ಪಿಯೋಲಾ ಬಿಳಿಯಳಾಗಿ ನಡೆಸುವ ವೇಷಾಂತರ ಪಾಪ ಎನಿಸಿಕೊಳ್ಳುತ್ತದೆ. ಲೇಖಕಿಗೆ ಈ ಸಾಮ್ಯ ಎಷ್ಟು ಕಂಡಿತ್ತೋ ಹೇಳಲಾರೆ, ಪಠ್ಯದಲ್ಲಂತೂ ಅದು ಎದ್ದು ಕಾಣುತ್ತದೆ.

ಹರ್ಸ್ಟ್ ಅವರಿಗೆ ಈ ವಿಷಯ ದೂರದ್ದಾಗಿರಲಿಲ್ಲ. ‘ಆಪರ್ಚುನಿಟಿ’ ಪತ್ರಿಕೆಯ 1925ರ ಬಹುಮಾನ ಸಮಾರಂಭದಲ್ಲಿ ಪರಿಚಯವಾದ ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್ ಕೆಲಕಾಲ ಅವರ ಕಾರ್ಯದರ್ಶಿಯಾಗಿ, ಕಾರು ಓಡಿಸುವ ಜೊತೆಗಾತಿಯಾಗಿ ಇದ್ದರು. ಹರ್ಸ್ಟ್ ಮುಂದೆ ಒಂದು ಪ್ರಸಂಗವನ್ನು ಬರೆದಿದ್ದಾರೆ: ಕಪ್ಪು ಜನರನ್ನು ಒಳಬಿಡದ ಹೋಟೆಲಿನ ಊಟದ ಕೋಣೆಗೆ ಹರ್ಸ್ಟನ್‌ರನ್ನು ವಿದೇಶಿ ರಾಜಕುಮಾರಿ ಎಂದು ಪರಿಚಯಿಸಿ ಕರೆದೊಯ್ದದ್ದು. ಬಿಳಿಯ ಗೆಳತಿಗೆ ಅದು ಮೋಜಿನ ನಾಟಕ. ಒಳಗೆ ಕೂತು ಉಂಡವರಿಗೆ ಆ ಊಟ ಹೇಗೆ ರುಚಿಸಿತೋ.

ಪಿಯೋಲಾಳಿಗೆ ನಾಟಕದ ಸುಖ ಇಲ್ಲ. 1896ರ ಪ್ಲೆಸಿ ಮೊಕದ್ದಮೆಯಲ್ಲಿ ಎಂಟರಲ್ಲಿ ಏಳು ಪಾಲು ಬಿಳಿಯ ವಂಶದ ಹೋಮರ್ ಪ್ಲೆಸಿ ಬಿಳಿಯರ ರೈಲು ಡಬ್ಬಿಯಲ್ಲಿ ಕೂರಲು ಹಕ್ಕಿಲ್ಲದವನಾದ. 1924ರ ವರ್ಜೀನಿಯಾ ಕಾನೂನು ಒಂದು ಹನಿ ಕಪ್ಪು ರಕ್ತವೂ ಬಿಳಿತನವನ್ನು ಕೆಡಿಸುತ್ತದೆಂಬ ನಂಬಿಕೆಗೆ ಶಾಸನದ ರೂಪ ಕೊಟ್ಟಿತು. ಇಂಥ ದೇಶದಲ್ಲಿ ‘ಪಾಸಿಂಗ್’, ಅಂದರೆ ಬಿಳಿಯರೆಂದು ತೋರಿಸಿಕೊಂಡು ಬದುಕುವುದು, ಎಂದರೆ ನೌಕರಿ, ಬಾಡಿಗೆ ಮನೆ, ಕೂರುವ ಸೀಟು. ಕಾದಂಬರಿಯ ಪಿಯೋಲಾ ದೂರದ ಸಿಯಾಟಲ್‌ಗೆ ಹೋಗಿ ಗ್ರಂಥಾಲಯದಲ್ಲಿ ಕೆಲಸ ಹಿಡಿಯುತ್ತಾಳೆ. ಬಿಳಿಯನೊಬ್ಬನನ್ನು ಮದುವೆಯಾಗಲು ನಿರ್ಧರಿಸುತ್ತಾಳೆ. ಹುಟ್ಟುವ ಮಗುವಿನ ಬಣ್ಣ ತನ್ನ ಗುಟ್ಟನ್ನು ಹೊರಗೆಡವದಿರಲೆಂದು ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುತ್ತಾಳೆ. ಒಂದು ಬಾರಿ ಬಂದು ಇಷ್ಟನ್ನೂ ತಿಳಿಸಿ, ತನ್ನನ್ನು ಮರೆತುಬಿಡಿ ಎಂದು ಬೇಡಿಕೊಂಡು ಗಂಡನೊಂದಿಗೆ ಬೊಲಿವಿಯಾಕ್ಕೆ ಹೊರಡುತ್ತಾಳೆ. ತಾಯಿ ಸತ್ತಾಗಲೂ ಬರುವುದಿಲ್ಲ.

ಈ ಶಸ್ತ್ರಚಿಕಿತ್ಸೆಯ ವಿವರವನ್ನು ಮೆಲೋಡ್ರಾಮಾದ ಅತಿರೇಕ ಎಂದು ತಳ್ಳಿಹಾಕುವವರಿದ್ದಾರೆ. ಕಾದಂಬರಿಯ ನಡುಗಂಬ ಅದೇ ಎಂದು ನನ್ನ ಅಭಿಪ್ರಾಯ. ‘ಬಕ್ ವಿರುದ್ಧ ಬೆಲ್’ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸರ್ಕಾರವೇ ನಡೆಸುವ ಬಲವಂತದ ಸಂತಾನಹರಣವನ್ನು ಎತ್ತಿಹಿಡಿದದ್ದು 1927ರಲ್ಲಿ. ಯಾರ ಗರ್ಭ ದೇಶಕ್ಕೆ ಬೇಕು, ಯಾರದು ಬೇಡ ಎಂದು ಅಧಿಕಾರಿಗಳು ಗೆರೆ ಎಳೆಯುತ್ತಿದ್ದ ಕಾಲವದು. ಪಿಯೋಲಾ ಆ ಗೆರೆಯನ್ನು ತಾನೇ ತನ್ನ ಮೈಮೇಲೆ ಎಳೆದುಕೊಳ್ಳುತ್ತಾಳೆ. ಪುಟಪುಟದಲ್ಲೂ ತಾಯ್ತನವನ್ನು ಹಾಡಿಹೊಗಳುವ ಕಾದಂಬರಿಯಲ್ಲಿ, ತಾಯಿಯಾಗುವುದಕ್ಕೆ ತಗಲುವ ಬೆಲೆಯನ್ನು ಕೂಡಿ ಕಳೆದು ನೋಡಿದವಳು ಅವಳೊಬ್ಬಳೇ. ಡೆಲೈಲಾ ಲೆಕ್ಕ ಕೇಳುವುದಿಲ್ಲ, ಬೀ ಲೆಕ್ಕ ಒಪ್ಪಿಸುವುದಿಲ್ಲ.

ಸ್ಟಾಲ್ ಚಿತ್ರದಲ್ಲಿ ಬೀಯಾಗಿ ಕ್ಲಾಡೆಟ್ ಕೋಲ್ಬರ್ಟ್, ಡೆಲೈಲಾಳಾಗಿ ಲೂಯಿಸ್ ಬೀವರ್ಸ್, ದೊಡ್ಡವಳಾದ ಪಿಯೋಲಾಳಾಗಿ ಫ್ರೆಡಿ ವಾಷಿಂಗ್ಟನ್ ನಟಿಸಿದರು. ವಾಫಲ್ ಹೋಗಿ ಪ್ಯಾನ್‌ಕೇಕ್ ಬಂತು. ಹಿಟ್ಟನ್ನು ಡಬ್ಬಿಗೆ ಹಾಕಿ ಮಾರಿ ಎಂದು ಸಲಹೆ ಕೊಟ್ಟ ಎಲ್ಮರ್ ಎಂಬ ಬಿಳಿಯ ಆ ಒಂದು ಮಾತಿನ ಬಲದಿಂದ ಕಂಪನಿಯೊಳಗೆ ಬರುತ್ತಾನೆ. ಪೀಳಿಗೆಗಳಿಂದ ಬಂದ ಪಾಕದ ಗುಟ್ಟನ್ನು ಕೊಟ್ಟ ಡೆಲೈಲಾಳಿಗೆ ಶೇಕಡಾ 20ರ ಪಾಲು ಕೊಡುವ ಮಾತು ಬರುತ್ತದೆ. ಇನ್ನು ಸ್ವಂತ ಮನೆ ಮಾಡಬಹುದು, ಕಾರು ಇಟ್ಟುಕೊಳ್ಳಬಹುದು ಎನ್ನುತ್ತಾಳೆ ಬೀ. ಡೆಲೈಲಾ ಗಾಬರಿಯಾಗುತ್ತಾಳೆ: ತನ್ನನ್ನು ಹೊರಗೆ ಕಳಿಸುತ್ತೀರಾ, ಮಗುವನ್ನೂ ನಿಮ್ಮನ್ನೂ ಯಾರು ನೋಡಿಕೊಳ್ಳುತ್ತಾರೆ? ನ್ಯಾಯವಾಗಿ ಎತ್ತಬೇಕಿದ್ದ ಪ್ರಶ್ನೆ, ಇಡೀ ಪಾಕ ಅವಳದಾಗಿರುವಾಗ ಪಾಲು ಐದರಲ್ಲಿ ಒಂದೇ ಏಕೆ ಎಂಬುದು, ವಾತ್ಸಲ್ಯದ ನಗೆಯಲ್ಲಿ ಕರಗಿಹೋಗುತ್ತದೆ. ಪಾಲನ್ನು ಅವಳ ಬಾಯಿಂದಲೇ ಬೇಡವೆನ್ನಿಸಿದ್ದರಿಂದ ಬೀಯ ಕೈ ಶುದ್ಧವಾಗಿ ಉಳಿಯಿತು.

ಆದರೂ ಸ್ಟಾಲ್ ಸೂಕ್ಷ್ಮ ನಿರ್ದೇಶಕ. ಅಂಗಡಿಯ ಫಲಕ ಬರೆಸುವಾಗ ಬೀ ಹೇಳಿದಂತೆ ಡೆಲೈಲಾ ಹಲ್ಲು ಕಿರಿದು ನಿಲ್ಲುತ್ತಾಳೆ. ಆ ನಗೆ ಹಾಗೇ ಹೆಪ್ಪುಗಟ್ಟಿ, ನೋಡುವವರಿಗೇ ಕಸಿವಿಸಿಯಾಗುವಷ್ಟು ಹೊತ್ತು ಕ್ಯಾಮೆರಾ ಅಲ್ಲಿಂದ ಕದಲುವುದಿಲ್ಲ. ಇನ್ನೊಂದು ದೃಶ್ಯದಲ್ಲಿ ರಾತ್ರಿ ಇಬ್ಬರೂ ಮಲಗಲು ಹೊರಡುತ್ತಾರೆ. ಬೀ ಮೆಟ್ಟಿಲು ಹತ್ತಿ ಮೇಲೆ, ಡೆಲೈಲಾ ಮೆಟ್ಟಿಲಿಳಿದು ನೆಲಮಾಳಿಗೆಗೆ. ಒಂದೇ ಚೌಕಟ್ಟಿನಲ್ಲಿ ಮನೆಯ ವ್ಯವಸ್ಥೆಯೆಲ್ಲ ತಿಳಿಯುತ್ತದೆ.

ಚಿತ್ರ ತಯಾರಾದ ವರ್ಷವೇ ಹಾಲಿವುಡ್ಡಿನ ನೀತಿಸಂಹಿತೆ ಜೋಸೆಫ್ ಬ್ರೀನ್ ಕೈಯಲ್ಲಿ ಬಿಗಿಯಾಯಿತು. ಕಪ್ಪು–ಬಿಳಿ ಲೈಂಗಿಕ ಸಂಬಂಧವನ್ನು ತೆರೆಯ ಮೇಲೆ ತೋರಿಸುವುದು ನಿಷಿದ್ಧ. ಪಿಯೋಲಾಳ ಬಿಳಿ ಮೈಯೇ ಅಂಥ ಸಂಬಂಧಕ್ಕೆ ಸಾಕ್ಷಿ ಎಂದು ಬ್ರೀನ್ ಕಚೇರಿ ತಕರಾರು ತೆಗೆಯಿತು. ಕಪ್ಪು ಯುವಕನೊಬ್ಬನನ್ನು ಗುಂಪು ಕೊಲ್ಲಲು ಹೊರಡುವ ಪ್ರಸಂಗವೂ ಚಿತ್ರಕಥೆಯಿಂದ ಬಿದ್ದುಹೋಯಿತು. ಬಿಳಿಯ ಗಂಡ, ಶಸ್ತ್ರಚಿಕಿತ್ಸೆ, ಬೊಲಿವಿಯಾ ಯಾವುದೂ ಚಿತ್ರದಲ್ಲಿಲ್ಲ. ಹೀಗೆ ವರ್ಣಭೇದದ ಹೊರಗಿನ ಹಿಂಸೆಯನ್ನೆಲ್ಲ ತೆಗೆದ ಮೇಲೆ ಉಳಿದದ್ದು ತಾಯಿಯ ಎದೆ ಒಡೆದ ಮಗಳ ಅಪರಾಧ ಮಾತ್ರ. ಪಿಯೋಲಾ ಓಡಿಬಂದು ತಾಯಿಯ ಶವಪೆಟ್ಟಿಗೆಯ ಮೇಲೆ ಬಿದ್ದು ಅಳುತ್ತಾಳೆ, ಮತ್ತೆ ಕಪ್ಪು ಜನರ ಕಾಲೇಜಿಗೆ ಹೋಗಲು ಒಪ್ಪುತ್ತಾಳೆ. ಕಾದಂಬರಿ ಅವಳನ್ನು ಕಳೆದುಕೊಂಡಿತ್ತು. ಸಿನಿಮಾ ಹಿಡಿದು ತಂದಿತು.

ಫ್ರೆಡಿ ವಾಷಿಂಗ್ಟನ್ ಕುರಿತು ಹೇಳದೆ ಮುಂದೆ ಹೋಗುವಂತಿಲ್ಲ. ಜಾರ್ಜಿಯಾದ ಸವಾನಾದಲ್ಲಿ ಹುಟ್ಟಿದ, ಹಸಿರು ಕಣ್ಣಿನ ಈ ಕಪ್ಪು ನಟಿ ಬಿಳಿಯಳೆಂದು ಹೇಳಿಕೊಂಡಿದ್ದರೆ ಹಾಲಿವುಡ್ಡಿನಲ್ಲಿ ದಾರಿ ತೆರೆಯುತ್ತಿತ್ತು. ಅವರು ಒಪ್ಪಲಿಲ್ಲ. 1933ರ ‘ದಿ ಎಂಪರರ್ ಜೋನ್ಸ್’ ಚಿತ್ರದಲ್ಲಿ ಕಪ್ಪು ನಟ ಪಾಲ್ ರಾಬ್ಸನ್ ಬಿಳಿಯಳೊಬ್ಬಳನ್ನು ತಬ್ಬಿದಂತೆ ಕಾಣಬಾರದೆಂದು ಈ ನಟಿಯ ಮುಖಕ್ಕೆ ಕಪ್ಪು ಬಳಿಯಲಾಗಿತ್ತು. ಮುಂದೆ ಅವರು 1937ರಲ್ಲಿ ಕಪ್ಪು ನಟರ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾದರು, ಆಡಂ ಕ್ಲೇಟನ್ ಪವೆಲ್ ಅವರ ‘ದಿ ಪೀಪಲ್ಸ್ ವಾಯ್ಸ್’ ಪತ್ರಿಕೆಯಲ್ಲಿ ರಂಗಭೂಮಿಯ ಬಗ್ಗೆ ಬರೆದರು. ಪಿಯೋಲಾಳ ಸಿಟ್ಟಿಗೆ ಚಿತ್ರಕಥೆಯಲ್ಲಿಲ್ಲದ ತೂಕ ಬಂದದ್ದು ಅವರ ಮುಖದಿಂದ.

ಕಪ್ಪು ಓದುಗರು, ಪ್ರೇಕ್ಷಕರು ಸುಮ್ಮನೆ ನೋಡುತ್ತ ಕೂರಲಿಲ್ಲ. ಕವಿ, ವಿಮರ್ಶಕ ಸ್ಟರ್ಲಿಂಗ್ ಬ್ರೌನ್ ಮಾರ್ಚ್ 1935ರ ‘ಆಪರ್ಚುನಿಟಿ’ಯಲ್ಲಿ ಕಾದಂಬರಿ, ಸಿನಿಮಾ ಎರಡನ್ನೂ ಹಳೆಯ ಮ್ಯಾಮಿಯ ಹೊಸ ಪೊಟ್ಟಣವೆಂದು ಹರಿದುಹಾಕಿದರು. ಹರ್ಸ್ಟ್ ನೊಂದುಕೊಂಡು ಪತ್ರಿಕೆಗೆ ಉತ್ತರ ಬರೆದರು. ಲ್ಯಾಂಗ್ಸ್ಟನ್ ಹ್ಯೂಸ್ 1938ರಲ್ಲಿ ಹಾರ್ಲೆಮ್‌ನ ತಮ್ಮ ರಂಗತಂಡಕ್ಕೆ ಒಂದು ಕಿರುಪ್ರಹಸನ ಬರೆದು ಪಾತ್ರಗಳನ್ನು ಅದಲುಬದಲು ಮಾಡಿದರು: ಕಪ್ಪು ಯಜಮಾನಿ, ಅವಳ ಕಾಲೊತ್ತುವ ಬಿಳಿಯ ಕೆಲಸದಾಕೆ. ಟೋನಿ ಮಾರಿಸನ್ 1970ರ ‘ದಿ ಬ್ಲೂಯೆಸ್ಟ್ ಐ’ ಕಾದಂಬರಿಯಲ್ಲಿ ನೀಲಿ ಕಣ್ಣಿಗಾಗಿ ಹಂಬಲಿಸುವ ಹುಡುಗಿಗೆ ಪೆಕೋಲಾ ಎಂದು ಹೆಸರಿಟ್ಟು, ಆ ಹೆಸರಿನ ನೆಂಟಸ್ತನವನ್ನು ಪಾತ್ರವೊಂದರ ಬಾಯಲ್ಲೇ ಹೇಳಿಸಿದರು.

1959ರ ಚಿತ್ರದಲ್ಲಿ ವ್ಯಾಪಾರವೇ ಮಾಯವಾಗಿದೆ. ಲಾನಾ ಟರ್ನರ್ ವಹಿಸಿದ ಲೋರಾ ಮೆರೆಡಿತ್ ನಟಿಯಾಗಬೇಕೆಂದಿರುವ ವಿಧವೆ. ಜುವಾನಿಟಾ ಮೂರ್ ವಹಿಸಿದ ಆ್ಯನಿ ಜಾನ್ಸನ್ ಅವಳ ಮನೆ ನೋಡಿಕೊಳ್ಳುವವಳು. ಪಾಕವಿಲ್ಲ, ಡಬ್ಬಿಯಿಲ್ಲ, ಶೇಕಡಾ 20ರ ಮಾತೂ ಇಲ್ಲ. ಲೋರಾಳ ಏಳಿಗೆ ಅವಳ ಪ್ರತಿಭೆಯದು, ಆ್ಯನಿಗೆ ಯಾರೂ ಏನೂ ಬಾಕಿ ಕೊಡಬೇಕಾಗಿಲ್ಲ ಎಂಬ ಭಾವನೆ ಮೇಲ್ನೋಟಕ್ಕೆ ಬರುತ್ತದೆ. ಸ್ವಲ್ಪ ನಿಂತು ನೋಡಬೇಕು. ಬಾಡಿಗೆ ಕೊಡಲಾಗದ ದಿನಗಳಲ್ಲಿ ಆ್ಯನಿ ಫೋನೆತ್ತಿ ‘ಮಿಸ್ ಮೆರೆಡಿತ್ ಅವರ ಮನೆ’ ಎನ್ನುತ್ತಾಳೆ. ಕಪ್ಪು ಕೆಲಸದವಳನ್ನು ಇಟ್ಟುಕೊಂಡವಳೆಂದರೆ ದೊಡ್ಡ ನಟಿಯೇ ಇರಬೇಕೆಂದು ಏಜೆಂಟರು ನಂಬಬೇಕು, ಅದಕ್ಕೆ. ಡೆಲೈಲಾಳ ಮುಖ ಪ್ಯಾನ್‌ಕೇಕ್ ಮಾರಿತು, ಆ್ಯನಿಯ ದನಿ ಲೋರಾಳನ್ನು ಮಾರಿತು. ಎರಡನೆಯದಕ್ಕೆ ಸಂಬಳವೂ ಇರಲಿಲ್ಲ. ತೆರೆಯ ಹೊರಗಿನ ಒಂದು ಸಂಗತಿ ಇಲ್ಲಿ ಸಲ್ಲುತ್ತದೆ: ಟರ್ನರ್ ಈ ಚಿತ್ರಕ್ಕೆ ಸಂಭಾವನೆ ತಗ್ಗಿಸಿಕೊಂಡು ಲಾಭದಲ್ಲಿ ಅರ್ಧ ಪಾಲಿಗೆ ಸಹಿ ಹಾಕಿದ್ದರು. ಚಿತ್ರ ಗೆದ್ದಿತು. ಪಾಲು ಕೇಳುವುದು ಹೇಗೆಂದು ಅವರಿಗೆ ಗೊತ್ತಿತ್ತು.

ಸರ್ಕ್ ಜರ್ಮನಿಯಿಂದ ಬಂದವರು, ಹೆಂಡತಿ ಯಹೂದಿ, ನಾಜಿ ದೇಶವನ್ನು 1937ರಲ್ಲಿ ಬಿಟ್ಟವರು. ರಕ್ತದ ಕಾನೂನುಗಳು ಮನೆಯೊಳಗೆ ಏನು ಮಾಡುತ್ತವೆ ಎಂದು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಅವರ ಚಿತ್ರದಲ್ಲಿ ಪಿಯೋಲಾಳ ಜಾಗದಲ್ಲಿರುವ ಆ್ಯನಿಯ ಮಗಳು ಸಾರಾ ಜೇನ್ ಬಿಳಿಯ ಗೆಳೆಯನಿಂದ ಓಣಿಯಲ್ಲಿ ಏಟು ತಿನ್ನುತ್ತಾಳೆ. ಹಳೆಯ ಚಿತ್ರ ಮುಚ್ಚಿಟ್ಟ ಹಿಂಸೆ ಇಲ್ಲಿ ಅಬ್ಬರದ ಸಂಗೀತದೊಂದಿಗೆ ತೆರೆಗೆ ಬಂತು. ಲೋರಾಳ ಅತಿಥಿಗಳ ಮುಂದೆ ಸಾರಾ ಜೇನ್ ತಟ್ಟೆಯನ್ನು ತಲೆಯ ಮೇಲೆ ಹೊತ್ತು, ತೋಟದ ಗುಲಾಮರ ಭಾಷೆಯನ್ನು ಅಣಕಿಸುತ್ತ ಬರುವ ದೃಶ್ಯವಂತೂ ಆ ಮನೆಯ ಸೌಜನ್ಯವನ್ನೆಲ್ಲ ಒಂದೇ ಬಾರಿಗೆ ಬಯಲು ಮಾಡುತ್ತದೆ. ತನಗೆ ಇಷ್ಟೊಂದು ಗೆಳೆಯರಿದ್ದಾರೆಂದು ಆ್ಯನಿ ಹೇಳಿದಾಗ ಲೋರಾಗೆ ಅಚ್ಚರಿ. ನೀವು ಯಾವತ್ತೂ ಕೇಳಲಿಲ್ಲವಲ್ಲ ಎಂಬರ್ಥದ ಆ್ಯನಿಯ ಉತ್ತರದಲ್ಲಿ ಕೋಪವಿಲ್ಲ, ಅದಕ್ಕೇ ಚುಚ್ಚುತ್ತದೆ.

ಜರ್ಮನ್ ನಿರ್ದೇಶಕ ಫಾಸ್‌ಬಿಂಡರ್ 1971ರಲ್ಲಿ ಸರ್ಕ್ ಚಿತ್ರಗಳ ಬಗ್ಗೆ ಬರೆದ ಮೇಲೆ ಅವುಗಳ ಹೊಳಪಿನ ಕೆಳಗೆ ಕಟು ವ್ಯಂಗ್ಯವಿದೆ ಎಂಬುದು ವಿಮರ್ಶೆಯ ರೂಢಿಯ ಮಾತಾಯಿತು. ಅದನ್ನು ಪೂರ್ತಿ ಒಪ್ಪಲು ನನಗೆ ಒಂದು ಅಡ್ಡಿಯಿದೆ. ದೊಡ್ಡವಳಾದ ಸಾರಾ ಜೇನ್ ಪಾತ್ರವನ್ನು ಕೊಟ್ಟದ್ದು ಸೂಸನ್ ಕೋನರ್‌ಗೆ. ಅವರ ತಾಯಿ ಮೆಕ್ಸಿಕನ್ ನಟಿ, ತಂದೆ ಯುರೋಪಿನ ಯಹೂದಿ. 1934ರಲ್ಲಿ ಕಪ್ಪು ನಟಿಗೆ ದಕ್ಕಿದ್ದ ಪಾತ್ರ, ಮಾಂಟ್‌ಗೊಮರಿಯ ಬಸ್ ಬಹಿಷ್ಕಾರವೂ ಲಿಟಲ್ ರಾಕ್ ಶಾಲೆಯ ಗಲಭೆಯೂ ಆಗಿಹೋದ ಮೇಲೆ, ಕಪ್ಪು ನಟಿಗೆ ದಕ್ಕಲಿಲ್ಲ. ವ್ಯಂಗ್ಯ ನಿರ್ದೇಶಕರದ್ದಾಗಿರಬಹುದು, ಪಾತ್ರ ಹಂಚುವ ಕಚೇರಿಯದು ಹಳೆಯ ಲೆಕ್ಕವೇ. ಮೂರ್, ಕೋನರ್ ಇಬ್ಬರಿಗೂ ಪೋಷಕ ನಟಿಯ ಆಸ್ಕರ್ ನಾಮನಿರ್ದೇಶನ ಬಂತು, ಪ್ರಶಸ್ತಿ ಇಬ್ಬರಿಗೂ ಬರಲಿಲ್ಲ.

ಕೊನೆಯಲ್ಲಿ ಆ್ಯನಿಯ ಶವಯಾತ್ರೆಯಲ್ಲಿ ಮಹೇಲಿಯಾ ಜಾಕ್ಸನ್ ಹಾಡುತ್ತಾರೆ, ಬಿಳಿ ಕುದುರೆಗಳು ಸಾರೋಟು ಎಳೆಯುತ್ತವೆ. ಈ ವೈಭವ ಆ್ಯನಿ ತಾನೇ ಯೋಜಿಸಿದ್ದು. ಬೀದಿ ತುಂಬ ನಿಂತ ಕಪ್ಪು ಜನರನ್ನು, ಅಂದರೆ ಲೋರಾ ಎಂದೂ ಕೇಳದಿದ್ದ ಆ ಲೋಕವನ್ನು, ನಾವು ಮೊದಲ ಬಾರಿ ಅಷ್ಟು ವಿಸ್ತಾರವಾಗಿ ಕಾಣುವುದು ಇಲ್ಲೇ. ಸಾರಾ ಜೇನ್ ಗುಂಪನ್ನು ಸೀಳಿಕೊಂಡು ಬರುತ್ತಾಳೆ, ತಾಯಿಯನ್ನು ಕೊಂದವಳು ತಾನೇ ಎಂದು ಕೂಗುತ್ತಾಳೆ; ಲೋರಾ ಅವಳನ್ನು ಕಾರಿನೊಳಗೆ ಎಳೆದುಕೊಳ್ಳುತ್ತಾಳೆ. ಕಪ್ಪು ತಾಯಿ ಹೋದಳು, ಮಗಳು ಬಿಳಿಯ ತಾಯಿಯ ಮಡಿಲಿಗೆ ಬಂದಳು. ಬಾಕಿ ಇದ್ದವರೇ ಪಾಲಕರಾದರು.

ಬ್ರಿಟ್ ಬೆನೆಟ್ ಅವರ 2020ರ ಕಾದಂಬರಿ ‘ದಿ ವ್ಯಾನಿಷಿಂಗ್ ಹಾಫ್’ ಈ ಪರಂಪರೆಯ ಜೊತೆ ನೇರ ಜಗಳಕ್ಕಿಳಿಯುತ್ತದೆ. ಅದರ ಸ್ಟೆಲ್ಲಾ ಬಿಳಿಯಳಾಗಿ ಬದುಕುತ್ತಾಳೆ, ಬಿಳಿಯನನ್ನು ಮದುವೆಯಾಗುತ್ತಾಳೆ, ಪಿಯೋಲಾ ಶಸ್ತ್ರಚಿಕಿತ್ಸೆಯಿಂದ ತಪ್ಪಿಸಿಕೊಂಡ ಅಪಾಯವನ್ನು ಹೊತ್ತು ಹೆರುತ್ತಾಳೆ. ಮಗಳ ಬಣ್ಣ ಗುಟ್ಟು ಬಿಡುವುದಿಲ್ಲ, ಮಗಳ ಪ್ರಶ್ನೆಗಳು ಬಿಡುತ್ತವೆ. ಸ್ಟೆಲ್ಲಾಳೂ ತವರಿಗೆ ಮರಳುತ್ತಾಳೆ, ಆದರೆ ತಾಯಿ ಬದುಕಿರುವಾಗಲೇ. ಯಾರ ಶವಪೆಟ್ಟಿಗೆಯ ಮೇಲೂ ಬೀಳದೆ, ತನ್ನ ಬಿಳಿಯ ಸಂಸಾರಕ್ಕೆ ವಾಪಸು ಹೋಗುತ್ತಾಳೆ.