ಬಕಾಸುರನ ಬಂಡಿಯಿಂದ ನಂದಿಬೆಟ್ಟದ ತೋಪಿನವರೆಗೆ

ಮೊನ್ನೆ ಅಮೆರಿಕದಲ್ಲಿರುವ ಗೆಳೆಯನೊಬ್ಬ ಫೋನ್ ಮಾಡಿದ್ದ. ಇಂಜಿನಿಯರಿಂಗಿನಲ್ಲಿ ನಾಲ್ಕು ವರ್ಷ ನನ್ನ ಪಕ್ಕದಲ್ಲೇ ಕೂತು ನಿದ್ದೆ ಮಾಡಿದವನು. ಈಗ ಒಂದು ಹಳೇ ಮೋಟರ್‌ಹೋಮ್ ಕೊಂಡಿದ್ದಾನಂತೆ. ಅಂದರೆ ಮಂಚ, ಒಲೆ, ಬಚ್ಚಲು ಎಲ್ಲಾ ಒಳಗೇ ಇರುವ ಬಸ್ಸಿನಂಥ ಗಾಡಿ. ಊರೂರು ಸುತ್ತೋಕೆ ಚೆನ್ನಾಗಿದೆ, ಆದ್ರೆ ಒಂದು ಕಡೆ ನಿಲ್ಲಿಸಿದ ಮೇಲೆ ಹಾಲು ತರೋಕೂ ಆ ಮನೆಯನ್ನೇ ಓಡಿಸಿಕೊಂಡು ಹೋಗಬೇಕು. ಅದಕ್ಕೇ ಅಲ್ಲಿನವರು ಅದರ ಹಿಂದೆ ಒಂದು ಪುಟ್ಟ ಕಾರನ್ನು ಕಟ್ಟಿಕೊಂಡು ಹೋಗ್ತಾರೆ. ಹೇಗೆ ಕಟ್ಟೋದು ಅನ್ನೋದೇ ಇವನ ತಲೆನೋವು.

ಮೂರು ದಾರಿ ಇವೆಯಂತೆ. ಒಂದು, ಕಾರಿನ ನಾಲ್ಕೂ ಚಕ್ರ ನೆಲದ ಮೇಲೇ ಇದ್ದು ಅದು ತನ್ನ ಪಾಡಿಗೆ ಉರುಳಿಕೊಂಡು ಬರೋದು. ಇದರಲ್ಲಿ ಹೆಚ್ಚಿನ ಭಾರವಿಲ್ಲ, ಆದರೆ ಎಷ್ಟೋ ಆಟೋಮ್ಯಾಟಿಕ್ ಕಾರುಗಳಲ್ಲಿ ಇಂಜಿನ್ ಓಡುತ್ತಿದ್ದರೆ ಮಾತ್ರ ಗೇರ್‌ಬಾಕ್ಸಿಗೆ ಎಣ್ಣೆ ಹರಿಯೋದು, ಸುಮ್ಮನೆ ಎಳೆದರೆ ಅದು ಸುಟ್ಟು ಹೋಗುತ್ತೆ. ಎರಡು, ಮುಂದಿನ ಎರಡು ಚಕ್ರಗಳನ್ನು ಒಂದು ಸಣ್ಣ ಎರಡು ಗಾಲಿಯ ಗಾಡಿಯ ಮೇಲೆ ಎತ್ತಿ ಕೂರಿಸಿ, ಹಿಂದಿನ ಎರಡನ್ನು ನೆಲದ ಮೇಲೆ ಬಿಡೋದು. ಮೂರು, ಇಡೀ ಕಾರನ್ನೇ ಟ್ರೇಲರ್ ಮೇಲೆ ಹೇರೋದು. ಕಾರಿಗೇನೂ ಆಗಲ್ಲ, ಆದ್ರೆ ಎಳೆಯೋ ಗಾಡಿಗೆ ಟ್ರೇಲರಿನ ಭಾರವೂ ಸೇರಿಕೊಳ್ಳುತ್ತೆ. "ಯಾವುದು ಮಾಡ್ಲಿ ಮಾರಾಯಾ, ನೀನು ಚಿಂತಾಮಣಿ ಕಡೆಯವನು, ಗಾಡಿ ಕಟ್ಟೋದು ಗೊತ್ತಿರಬೇಕಲ್ಲ" ಅಂತ ನಗೆ ಬೇರೆ.

ಅವನು ತಮಾಷೆಗೆ ಹೇಳಿದ. ಆದರೆ ಫೋನ್ ಇಟ್ಟ ಮೇಲೆ ನನಗೆ ಹೊಳೆದಿದ್ದು, ಇದೇ ಮೂರು ದಾರಿಗಳ ಲೆಕ್ಕವನ್ನು 1791ರಲ್ಲಿ ಒಂದು ಇಡೀ ಸೈನ್ಯ ನಮ್ಮ ಕಡೆಯೇ ಹಾಕಿತ್ತು ಅನ್ನೋದು. ಕಾರಿನ ಬದಲು ತೋಪು, ಮೋಟರ್‌ಹೋಮ್ ಬದಲು ಎತ್ತು. ಲೆಕ್ಕ ತಪ್ಪಿದ್ದಕ್ಕೆ ಆ ಸೈನ್ಯ ಒಂದು ಸಲ ಶ್ರೀರಂಗಪಟ್ಟಣದ ಬಾಗಿಲಿನಿಂದ ಬರಿಗೈಯಲ್ಲಿ ವಾಪಸ್ಸಾಗಿತ್ತು ಕೂಡಾ.

ಕೈವಾರ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ತಾತಯ್ಯ, ಅಮರನಾರಾಯಣ ದೇವಸ್ಥಾನ, ಆಮೇಲೆ ಭೀಮ-ಬಕಾಸುರ. ನಮ್ಮೂರೇ ಮಹಾಭಾರತದ ಏಕಚಕ್ರಪುರ ಅಂತ ಸ್ಥಳಪುರಾಣ. ಬಕಾಸುರನಿಗೆ ದಿನಕ್ಕೆ ಒಂದು ಬಂಡಿ ಅನ್ನ, ಅದನ್ನು ಎಳೆಯುವ ಎರಡು ಕೋಣ, ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ. ಚಿಕ್ಕವನಿದ್ದಾಗ ಈ ಕತೆಯಲ್ಲಿ ನನಗೆ ಅಯ್ಯೋ ಅನಿಸುತ್ತಿದ್ದಿದ್ದು ಆ ಕೋಣಗಳ ಬಗ್ಗೆ. ಮನುಷ್ಯನಿಗೆ ಭೀಮನಾದರೂ ಸಿಕ್ಕಿದ. ಅಷ್ಟು ದಿನ ಬಂಡಿ ಎಳೆದ ಕೋಣಗಳ ಲೆಕ್ಕ ಇಟ್ಟವರು ಯಾರು? ಭೀಮ ಬಕಾಸುರನನ್ನು ಕೊಂದು ಹತ್ತಿರದ ಬೆಟ್ಟದ ಕೆಳಗೆ ಹಾಕಿದ, ಆ ಬಂಡೆಯಿಂದ ಈಗಲೂ ಅವನ ರಕ್ತ ಒಸರುತ್ತೆ ಅಂತ ಜನ ನಂಬುತ್ತಾರೆ. ಆ ಬೆಟ್ಟವೇ ರಹಮಾನ್‌ಗಡ. ಬೆಟ್ಟದ ಮೇಲೆ ಟಿಪ್ಪುವಿನ ಕೋಟೆ ಇತ್ತು. ಇಂಗ್ಲಿಷರು ತೋಪು ತಂದಿದ್ದು ಇಲ್ಲಿಗೇ.

ಮೊದಲು ತೋಪಿನ ಭಾರ ಎಷ್ಟು ಅಂತ ನೋಡೋಣ. ಆಗ ಕೋಟೆ ಗೋಡೆ ಒಡೆಯಲು ಬಳಸುತ್ತಿದ್ದ 18 ಪೌಂಡಿನ ತೋಪು ಅಂದರೆ ಅದು ಹಾರಿಸುವ ಗುಂಡು 18 ಪೌಂಡ್, ಸುಮಾರು 8 ಕೆಜಿ. ತೋಪಿನ ಕಬ್ಬಿಣದ ನಳಿಗೆ ಮಾತ್ರವೇ ಸುಮಾರು 2 ಟನ್. ಅದನ್ನು ಹೊತ್ತ ಮರದ ಗಾಡಿಯದು ಬೇರೆ. ನಮ್ಮ ಇನೋವಾ ಕಾರಿಗಿಂತ ಭಾರ, ಅದೂ ಮರದ ಗಾಲಿಗಳ ಮೇಲೆ, ಡಾಂಬರು ಕಾಣದ ದಾರಿಯಲ್ಲಿ.

ಇದನ್ನು ಎಳೆಯೋದು ಹೇಗೆ? ತೋಪಿನ ಗಾಡಿಗೆ ಇರೋದು ಎರಡೇ ಗಾಲಿ, ಹಿಂದೆ ನೆಲಕ್ಕೆ ಊರಿದ ಉದ್ದ ಬಾಲ. ಆ ಬಾಲವನ್ನು ನೆಲದ ಮೇಲೆ ಉಜ್ಜಿಕೊಂಡು ಎಳೆದರೆ ಹತ್ತು ಮಾರೂ ಹೋಗಲ್ಲ. ಅದಕ್ಕೆ ಲಿಂಬರ್ ಅನ್ನೋ ಇನ್ನೊಂದು ಎರಡು ಗಾಲಿಯ ಗಾಡಿ. ತೋಪಿನ ಬಾಲವನ್ನೆತ್ತಿ, ಅದರಲ್ಲಿರುವ ತೂತನ್ನು ಲಿಂಬರಿನ ಗೂಟಕ್ಕೆ ಸಿಕ್ಕಿಸಿಬಿಟ್ಟರೆ ನಾಲ್ಕು ಗಾಲಿಯ ಬಂಡಿ ಆಯಿತು, ತಿರುವಿನಲ್ಲಿ ಸಲೀಸಾಗಿ ತಿರುಗುತ್ತೆ. ನನ್ನ ಗೆಳೆಯನ ಎರಡನೇ ದಾರಿ ಇದೇ ಅಲ್ಲವಾ! ಅಷ್ಟೇ ಅಲ್ಲ, ದೊಡ್ಡ ತೋಪುಗಳ ಗಾಡಿಯಲ್ಲಿ ನಳಿಗೆಯನ್ನು ಕೂರಿಸಲು ಎರಡು ಜಾಗ ಇರುತ್ತಿದ್ದವು. ಹೊಡೆಯುವಾಗ ಒಂದು, ಪ್ರಯಾಣ ಮಾಡುವಾಗ ಹಿಂದಕ್ಕೆ ಜರುಗಿಸಿ ಇನ್ನೊಂದು. ಭಾರ ನಾಲ್ಕೂ ಗಾಲಿಗಳ ಮೇಲೆ ಹಂಚಿಕೆಯಾಗಲಿ ಅಂತ. ನಮ್ಮ ತಾತ ಬಂಡಿಗೆ ರಾಗಿ ಮೂಟೆ ಹೇರುವಾಗ ಹಿಂಭಾರ ಆಯ್ತು, ಒಂದು ಮೂಟೆ ಮುಂದಕ್ಕೆ ಹಾಕು ಅಂತ ಕೂಗುತ್ತಿದ್ದದ್ದೂ ಇದೇ ಲೆಕ್ಕಕ್ಕೆ. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳಿನ ಕಣ್ಣಿ ಬಿಗಿಯುತ್ತೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತೆ.

ಮೂರನೇ ದಾರಿ, ಅಂದರೆ ಹೇರಿಕೊಂಡು ಹೋಗೋದು, ಸಣ್ಣ ಆಯುಧಗಳಿಗೆ ಮಾತ್ರ ಆಗುತ್ತಿತ್ತು. ಟಿಪ್ಪುವಿನ ಬಾಣದವರು ರಾಕೆಟ್ಟುಗಳನ್ನು ಹೆಗಲ ಮೇಲೆ, ಒಂಟೆ ಮೇಲೆ ಒಯ್ಯುತ್ತಿದ್ದರು. ಅಂದ ಹಾಗೆ, ಈ ಯುದ್ಧ ನಡೆಯುವಾಗ ಕೈವಾರದ ತಾತಯ್ಯನವರು ಬದುಕಿದ್ದರು. 1726ರಲ್ಲಿ ಹುಟ್ಟಿ 1836ರವರೆಗೆ ಇದ್ದರು ಅನ್ನೋದು ಪ್ರತೀತಿ. ಆ ಲೆಕ್ಕದಲ್ಲಿ ಆಗ ಅವರಿಗೆ 65. ಅವರು ಮೊದಲು ಬಳೆಯ ಮಲಾರ ಹೊತ್ತು ಊರೂರು ತಿರುಗುತ್ತಿದ್ದವರು. ಅವರು ಬಳೆ ಮಾರಿದ ಸೀಮೆಯಲ್ಲೇ ತೋಪಿನ ಗಾಡಿಗಳು ಓಡಾಡಿದವು.

ಈಗ ಯುದ್ಧದ ಕತೆ. ಮೂರನೇ ಮೈಸೂರು ಯುದ್ಧ ಶುರುವಾಗಿದ್ದು 1790ರಲ್ಲಿ. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ದಂಡು ಕಟ್ಟಿಕೊಂಡು ಬಂದ. 1791ರ ಫೆಬ್ರವರಿಯಲ್ಲಿ ವೆಲ್ಲೂರಿನಿಂದ ಹೊರಟು, ಆಂಬೂರು ಕಣಿವೆಯಲ್ಲಿ ಬರ್ತೀನಿ ಅಂತ ಟಿಪ್ಪುವನ್ನು ನಂಬಿಸಿ, ಮೊಗಿಲಿ ಘಾಟಿನಿಂದ ಹತ್ತಿ ಬಂದುಬಿಟ್ಟ. ಕೋಲಾರ, ಹೊಸಕೋಟೆ, ಮಾರ್ಚ್ 21ಕ್ಕೆ ಬೆಂಗಳೂರು ಕೋಟೆ. ಆಮೇಲೆ ನಿಜಾಮನ ಕುದುರೆ ದಂಡನ್ನು ಕೂಡಿಕೊಳ್ಳಲು ಉತ್ತರಕ್ಕೆ ಬಂದಾಗ ದೇವನಹಳ್ಳಿ, ಚಿಕ್ಕಬಳ್ಳಾಪುರ. ಇಲ್ಲಿಯವರೆಗೂ ಎಲ್ಲಾ ಚೆನ್ನಾಗಿತ್ತು.

ಮೇ ತಿಂಗಳ ಮೊದಲಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟರು. ಎತ್ತುಗಳು ಅಷ್ಟರಲ್ಲಾಗಲೇ ಸೊರಗಿದ್ದವು. ದಾರಿಯಲ್ಲಿ ಮೇವಿಲ್ಲ, ಟಿಪ್ಪುವಿನವರು ಸುಟ್ಟಿದ್ದರು. ಮೇಲೆ ಮಳೆ, ಅದರ ಮೇಲೆ ರೋಗ. ಎತ್ತುಗಳು ಸಾಲು ಸಾಲಾಗಿ ಸತ್ತವು. ಕೊನೆಗೆ ಸಿಪಾಯಿಗಳೇ ಹಗ್ಗ ಹಿಡಿದು ದೊಡ್ಡ ತೋಪುಗಳನ್ನು ಎಳೆದರು. ಮೇ 15ರಂದು ಅರಕೆರೆ ಹತ್ತಿರದ ಕಾಳಗದಲ್ಲಿ ಗೆದ್ದರೂ ಪ್ರಯೋಜನವಾಗಲಿಲ್ಲ. ಹೊಳೆಯ ಪಕ್ಕಕ್ಕೇ ಕಣ್ಣಂಬಾಡಿಯವರೆಗೆ ತೆವಳಿ, ಮೇ 22ರಂದು ಕಾರ್ನ್‌ವಾಲಿಸ್ ತನ್ನ ಮುತ್ತಿಗೆ ತೋಪುಗಳನ್ನು ತಾನೇ ಒಡೆಸಿಹಾಕಿದ. ಹೌದು, ಈಗ ಕನ್ನಂಬಾಡಿ ಕಟ್ಟೆ ಇರುವ ಕಡೆಯೇ. ನಾಲ್ಕು ದಿನದ ಮೇಲೆ ದಂಡು ಬೆಂಗಳೂರಿನ ಕಡೆಗೆ ತಿರುಗಿತು. ಹಾಗೆ ತಿರುಗಿದ ಮೇಲೆ ದಾರಿಯಲ್ಲಿ ಸಿಕ್ಕಿದ್ದು ಮರಾಠರ ದಂಡು, ಚೀಲಗಟ್ಟಲೆ ಧಾನ್ಯದ ಜೊತೆ! ಅವರು ಬರುತ್ತಿರುವ ಸುದ್ದಿ ಮುಟ್ಟದಂತೆ ಟಿಪ್ಪುವಿನ ಕುದುರೆಯವರು ಕಾವಲಿದ್ದರು. ಎತ್ತುಗಳು ಇನ್ನೊಂದು ವಾರ ತಡೆದಿದ್ದರೆ ಕತೆ ಬೇರೆಯೇ ಆಗುತ್ತಿತ್ತೇನೋ.

ಟಿಪ್ಪುವಿನ ಕಡೆ ಈ ಪರದಾಟ ಇಷ್ಟಿರಲಿಲ್ಲ. ಅವನಿಗೆ ಅಮೃತಮಹಲ್ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯನ್ನು ಹೈದರ್ ಬೆಳೆಸಿದ, ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟು ಕಟ್ಟುನಿಟ್ಟು ಮಾಡಿದ. ಆ ಎತ್ತುಗಳನ್ನು ತೋಪು ಎಳೆಯೋಕೆ ಅಂತಲೇ ಸಾಕಿ ಪಳಗಿಸುತ್ತಿದ್ದರು. ಸೋತ ಕಾಳಗದಲ್ಲೂ ಹೈದರ್ ಮತ್ತು ಟಿಪ್ಪು ತೋಪುಗಳನ್ನು ಬಿಟ್ಟುಕೊಡದೆ ಎಳೆಸಿಕೊಂಡು ಹೋಗುತ್ತಿದ್ದರು ಅಂತ ಬರೆದವರು ಅವರ ಶತ್ರುಗಳೇ. ಇಂಗ್ಲಿಷರ ಎತ್ತುಗಳಾದರೋ ಹೆಚ್ಚಾಗಿ ಗುತ್ತಿಗೆಯವು, ಬಾಡಿಗೆಯವು. ನಮ್ಮ ಆಫೀಸಿನ ಕ್ಯಾಬುಗಳ ಹಾಗೆ. (ಇದರ ಬಗ್ಗೆ ಹೆಚ್ಚು ಹೇಳಲ್ಲ.)

ಮಳೆಗಾಲ ಪೂರ್ತಿ ಕಾರ್ನ್‌ವಾಲಿಸ್ ಮಾಡಿದ ಕೆಲಸ ಈ ಎಳೆಯುವ ವ್ಯವಸ್ಥೆಯನ್ನು ಸರಿಪಡಿಸಿದ್ದು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಬಂಜಾರರನ್ನು ಒಪ್ಪಿಸಿ ಅವರ ಹೇರೆತ್ತುಗಳ ಮೇಲೆ ಧಾನ್ಯ ತರಿಸತೊಡಗಿದ. ಆದರೆ ನಿಜಾಮನ ಸೀಮೆ ಕಡೆಯಿಂದ ಬೆಂಗಳೂರಿಗೆ ಆ ಎತ್ತುಗಳು ಬರುವ ದಾರಿಯ ಪಕ್ಕದಲ್ಲಿ ಇದ್ದಿದ್ದೇ ನಮ್ಮ ಬೆಟ್ಟಗಳು: ರಹಮಾನ್‌ಗಡ, ಅಂಬಾಜಿದುರ್ಗ, ನಂದಿದುರ್ಗ. ಮೇಲೆ ಟಿಪ್ಪುವಿನವರು ಕೂತಿರುವವರೆಗೂ ಕೆಳಗೆ ಒಂದು ಮೂಟೆಗೂ ಭರವಸೆಯಿಲ್ಲ. ಹಾಗಾಗಿ 1791ರ ಸೆಪ್ಟೆಂಬರಿನಲ್ಲಿ ಮೇಜರ್ ಗೌಡಿಯನ್ನು ಇತ್ತ ಕಳಿಸಿದ. (ಗೌಡ ಅಲ್ಲ, ಗೌಡಿ. ಸ್ಕಾಟ್ಲೆಂಡ್ ಕಡೆಯ ಹೆಸರು.) ರಹಮಾನ್‌ಗಡದ ಮೇಲೆ ತೋಪು ಹೊಡೆದ ಮೇಲೆ ಅದು ಶರಣಾಯಿತು. ಅದನ್ನು ನೋಡಿ ಅಂಬಾಜಿದುರ್ಗವೂ ಬಾಗಿಲು ತೆರೆಯಿತು.

ನಂದಿ ಮಾತ್ರ ಹಾಗೆ ಜಗ್ಗಲಿಲ್ಲ. ಬೈಕಿನಲ್ಲಿ ಭಾನುವಾರ ಬೆಳಗ್ಗೆ ಸೂರ್ಯೋದಯ ನೋಡೋಕೆ ಹೋಗೋ ನಮಗೇ ಆ ತಿರುವುಗಳಲ್ಲಿ ಫಸ್ಟ್ ಗೇರ್ ಬೇಕಾಗುತ್ತೆ. 1,478 ಮೀಟರ್ ಎತ್ತರ, ಮೂರು ಕಡೆ ಬರೀ ಬಂಡೆ. ಹತ್ತಲು ಸಾಧ್ಯವಿದ್ದ ಕಡೆಯಲ್ಲಿ ಮೊದಲು ತೋಪಿಗೆ ದಾರಿ ಕಡಿಯಬೇಕು, ಆಮೇಲೆ ತೋಪನ್ನು ಏರಿಸಬೇಕು.

ಇಲ್ಲಿ ಎತ್ತು ಮತ್ತು ಲಿಂಬರಿನ ಲೆಕ್ಕ ಕೈಕೊಡುತ್ತೆ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಹತ್ತು-ಹದಿನೈದು ಜೋಡಿ ಎತ್ತುಗಳನ್ನು ಒಂದರ ಮುಂದೊಂದು ಕಟ್ಟಿದರೆ ಆ ಸಾಲು ಬಯಲಿನಲ್ಲಿ ನೆಟ್ಟಗೆ ಎಳೆಯುತ್ತೆ. ಬೆಟ್ಟದ ತಿರುವಿನಲ್ಲಿ ಮುಂದಿನ ಜೋಡಿ ಆಗಲೇ ತಿರುಗಿ ಪಕ್ಕಕ್ಕೆ ಎಳೆಯುತ್ತಿರುತ್ತೆ, ಹಿಂದಿನ ಜೋಡಿ ಇನ್ನೂ ನೆಟ್ಟಗೆ. ಅರ್ಧ ಬಲ ತೋಪನ್ನು ಕಣಿವೆಗೆ ಬೀಳಿಸೋಕೇ ಖರ್ಚಾಗುತ್ತೆ. ಎರಡನೆಯದು, ಎತ್ತುಗಳು ಉಸಿರು ಎಳೆದುಕೊಳ್ಳೋಕೆ ಒಂದು ಕ್ಷಣ ನಿಂತರೆ ಎರಡು ಟನ್ ಹಿಂದಕ್ಕೆ ಜಾರುತ್ತೆ. ಗಾಲಿಗಳ ಹಿಂದೆ ಕಲ್ಲೋ ಮರದ ತುಂಡೋ ಹಿಡಿದುಕೊಂಡು ಆಳುಗಳು ನಡೆಯಲೇಬೇಕು. ಅದು ಸರಿಯಾದ ಗಳಿಗೆಯಲ್ಲಿ ಬೀಳದಿದ್ದರೆ ಮುಗಿಯಿತು.

ಆ ದಾರಿಯಲ್ಲಿ ತೋಪುಗಳು ಏರಿದ್ದು ಆನೆಗಳಿಂದ. ಆನೆ ಇಲ್ಲದೆ ಇದು ಆಗುತ್ತಲೇ ಇರಲಿಲ್ಲ ಅಂತ ಆ ದಂಡಿನಲ್ಲಿದ್ದ ಮೇಜರ್ ಡಿರೋಮ್ ಬರೆದಿಟ್ಟಿದ್ದಾನೆ. ಆನೆಯ ವಿಶೇಷ ಅಂದರೆ ಅದು ಎಳೆಯೋದಷ್ಟೇ ಅಲ್ಲ, ತೋಪಿನ ಹಿಂದೆ ನಿಂತು ಹಣೆಯಿಂದ ತಳ್ಳುತ್ತೆ. ಅಂದರೆ ಇಂಜಿನ್ನೂ ಅದೇ, ಬ್ರೇಕೂ ಅದೇ! ತೋಪು ಹಿಂದಕ್ಕೆ ಸರಿದರೆ ಅಲ್ಲೇ ಒಂದು ಗೋಡೆಯಿದ್ದ ಹಾಗೆ. ಇಷ್ಟಾದರೂ ಸುಮಾರು ಮೂರು ವಾರ ಹಿಡಿಯಿತು. ಗೋಡೆ ಒಡೆದ ಮೇಲೆ 1791ರ ಅಕ್ಟೋಬರ್ 19ರ ಬೆಳದಿಂಗಳಲ್ಲಿ ಲಗ್ಗೆ ಹಾಕಿದರು, ಜನರಲ್ ಮೆಡೋಸ್ ಅಲ್ಲೇ ನಿಂತಿದ್ದ. ನಂದಿ ಬಿತ್ತು.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಡಿಸೆಂಬರಿನಲ್ಲಿ ಸಾವನದುರ್ಗ, 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಪಾಳೆಯ, ಮಾರ್ಚಿನಲ್ಲಿ ಒಪ್ಪಂದ. ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾದರು. ನಮ್ಮ ಪಾಠದ ಪುಸ್ತಕದಲ್ಲಿ ಒತ್ತೆಯಿಟ್ಟ ಮಕ್ಕಳ ಚಿತ್ರ ಇತ್ತು. ಕಣ್ಣಂಬಾಡಿಯಲ್ಲಿ ಸತ್ತ ಎತ್ತಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ನನಗೆ ಈಗ ಅನಿಸೋದು, ಆ ಎತ್ತುಗಳನ್ನು ಬಿಟ್ಟರೆ ಮೊದಲ ದಂಡಯಾತ್ರೆ ಯಾಕೆ ಸೋತಿತು, ಎರಡನೆಯದು ಯಾಕೆ ಗೆದ್ದಿತು ಅನ್ನೋದೇ ಅರ್ಥವಾಗಲ್ಲ. ಸೇನಾಪತಿ ಅವನೇ, ಸಿಪಾಯಿಗಳು ಅವರೇ. ಬದಲಾಗಿದ್ದು ಮುಖ್ಯವಾಗಿ ಮುಂದೆ ಕಟ್ಟಿದ್ದು ಏನು, ಹೇಗೆ ಅನ್ನೋದು.

ಇಂಗ್ಲಿಷರಿಗೆ ಇದು ಗೊತ್ತಾಗಿತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಅಮೃತಮಹಲ್ ರಾಸುಗಳು ಅವರ ಕೈ ಸೇರಿದವು. ಮುಂದೆ ಹುಣಸೂರಿನಲ್ಲಿ ಅದಕ್ಕೇ ಒಂದು ಇಲಾಖೆ ನಡೆಸಿದರು. 1860ರಲ್ಲಿ ಖರ್ಚು ಜಾಸ್ತಿ ಅಂತ ರಾಸುಗಳನ್ನು ಮಾರಿ, ಕೆಲವೇ ವರ್ಷಗಳಲ್ಲಿ ತಪ್ಪು ಗೊತ್ತಾಗಿ ಮತ್ತೆ ತಳಿ ಕಟ್ಟೋಕೆ ಹೊರಟರು. (ಕಾಸ್ಟ್ ಕಟಿಂಗ್ ಆಗಲೂ ಇತ್ತು ನೋಡಿ.) ಅಜ್ಜಂಪುರದಲ್ಲಿ ಆ ತಳಿಯ ಕೇಂದ್ರ ಈಗಲೂ ಇದೆ.

ಗೆಳೆಯನಿಗೆ ವಾಪಸ್ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅರ್ಧ ಗಂಟೆ ಕೇಳಿಸಿಕೊಂಡ, ಪಾಪ. "ಕೊನೆಗೆ ಏನು ಮಾಡ್ಲಿ ಹೇಳು" ಅಂದ. ಲಿಂಬರ್ ಥರದ್ದೇ ತಗೋ, ನಿನ್ನ ಕಾರು ಮುಂದಿನ ಚಕ್ರದಿಂದ ಓಡೋದು, ಅವೆರಡು ಮೇಲಿದ್ದರೆ ಗೇರ್‌ಬಾಕ್ಸಿಗೆ ತೊಂದರೆಯಿಲ್ಲ, ಆದರೆ ಹಿಂದಿನ ಗಾಡಿಗೂ ಬ್ರೇಕ್ ಇರೋದನ್ನೇ ನೋಡಿ ತಗೋ, ಇಳಿಜಾರಿನಲ್ಲಿ ಅದೇ ನಿನ್ನನ್ನು ತಳ್ಳುತ್ತೆ ಅಂದೆ.

"ಆನೆ ಬಾಡಿಗೆಗೆ ಸಿಗಲ್ಲ ಇಲ್ಲಿ" ಅಂದು ಫೋನ್ ಇಟ್ಟ.