ಪುಣೆಯ ಮೀನು ಕಾವೇರಿಗೆ ಹೋದ ಕಥೆ



ಮಾರ್ಕೆಟ್ ಯಾರ್ಡಿನ ಆಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಕೇಳುಗರೊಬ್ಬರು ಇಂಡಿ ತಾಲ್ಲೂಕಿನವರು. ಭೀಮಾ ನದಿಯ ದಂಡೆಯಲ್ಲಿ ಬೆಳೆದವರು. ದಿನವಿಡೀ ತೊಗರಿ, ಕಡಲೆಯ ಮೂಟೆಗಳ ನಡುವೆ ಕೂತರೂ ಮನಸ್ಸು ಮಾತ್ರ ಗಾಳದ ಮೇಲೆ. ಮೊನ್ನೆ ಸಿಕ್ಕಾಗ ಕೇಳಿದರು: "ಸರ, ಯುಗಾದಿ ಸೂಟಿಗೆ ಮೀನ ಹಿಡ್ಯಾಕ ಹೋಗ್ಬೇಕಂತೀನಿ. ಗೊತ್ತಿಲ್ಲದ ಕೆರಿ ಆದ್ರೂ ನಡೀತೈತಿ. ನಮ್ಮಳಿಯ ಅಮೆರಿಕಾದಾಗ ಹೊಸ ಹೊಸ ಕೆರಿಗೆ ಹೋಗಿ ಫೋಟೋ ಕಳಿಸ್ತಾನ. ನಮ್ಮ ಕಡೆ ಎಲ್ಲಿ ಹೋಗೂದು, ಹೆಂಗ ತಯಾರಾಗೂದು?"

ಅಳಿಯನ ಫೋಟೋಗಳನ್ನು ನಾನೂ ನೋಡಿದೆ. ಅಲ್ಲಿ ವಸಂತ ಬಂದು ನೀರು ಬೆಚ್ಚಗಾಗುತ್ತಿದ್ದಂತೆ ಬಾಸ್, ಕ್ರಾಪಿ ಎಂಬ ಮೀನುಗಳು ಮೊಟ್ಟೆಯಿಡಲು ದಂಡೆಯ ಹತ್ತಿರದ ಆಳವಿಲ್ಲದ ನೀರಿಗೆ ಬರುತ್ತವೆ. ಕೆರೆಯ ಆಳದ ನಕ್ಷೆ ಫೋನಿನಲ್ಲೇ ಸಿಗುತ್ತದೆ. ಹೊಸ ಕೆರೆಯಾದರೂ ಮೀನು ಎಲ್ಲಿರಬಹುದೆಂದು ಮನೆಯಲ್ಲೇ ಕೂತು ಅಂದಾಜು ಮಾಡಬಹುದು. ನಮ್ಮ ದೊಡ್ಡ ಮೀನು ಮಶೀರ್ ಹಾಗಲ್ಲ. ಅದು ಮೊಟ್ಟೆಯಿಡುವುದು ಮಳೆಗಾಲದ ಹೊಸ ನೀರಿನಲ್ಲಿ. ಬೇಸಿಗೆ ಹತ್ತಿರವಾಗಿ ಹೊಳೆ ಇಳಿದು ತಿಳಿಯಾದಾಗ ಮಡುಗಳಲ್ಲಿ ಉಳಿಯುತ್ತದೆ. ಯಾವ ಮಡು ಎಂದು ಹೇಳಬಲ್ಲವರು ಆ ಊರಿನವರು ಮಾತ್ರ.

ಊರಿನವರನ್ನು ಕೇಳಿ ಬರೆದುಕೊಂಡವರಲ್ಲಿ ಮೊದಲಿಗನೊಬ್ಬ ನಮ್ಮ ಪುಣೆಯಲ್ಲೇ ಇದ್ದ. ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್, ಮುಂಬಯಿ ಸರ್ಕಾರಕ್ಕಾಗಿ ದಖ್ಖನ್ನಿನ ಅಂಕಿಅಂಶ ಕಲೆಹಾಕುತ್ತಿದ್ದ ಸೈನ್ಯಾಧಿಕಾರಿ. ಬೆಳೆ, ಜನ, ಹಕ್ಕಿ ಎಲ್ಲದರ ಜೊತೆ ಮೀನುಗಳನ್ನೂ ಪಟ್ಟಿ ಮಾಡಿದ. ಪುಣೆಯಿಂದ ಪೂರ್ವಕ್ಕೆ ಕೆಲವು ಮೈಲಿ ದೂರದಲ್ಲಿ ಮುಳಾ-ಮುಠಾ ಹೊಳೆಯಲ್ಲಿ ಸಿಕ್ಕ ದೊಡ್ಡ ಮೀನೊಂದಕ್ಕೆ ಊರಿನವರ ಮರಾಠಿ ಹೆಸರನ್ನೇ ಲ್ಯಾಟಿನ್ನಿಗೆ ಸೇರಿಸಿ 1839ರಲ್ಲಿ ಪ್ರಕಟಿಸಿದ. ಇಂದು ಅದು ಟಾರ್ ಖುದ್ರೀ, ದಖ್ಖನ್ ಮಶೀರ್. ರೆಕ್ಕೆಗೆ ನೀಲಿ ಛಾಯೆ ಇರುವುದರಿಂದ ನೀಲಿ ರೆಕ್ಕೆಯ ಮಶೀರ್ ಎಂದೂ ಹೇಳುತ್ತಾರೆ. ಬಂಡ್ ಗಾರ್ಡನ್ ಸೇತುವೆಯ ಮೇಲೆ ಮೂಗು ಮುಚ್ಚಿಕೊಂಡು ದಾಟುವ ನಾವು, ಅದೇ ಹೊಳೆ ಒಂದು ರಾಜಮೀನಿನ ತವರು ಎಂದರೆ ನಂಬುತ್ತೇವೆಯೇ? ಈ ನೀರೇ ಮುಂದೆ ಭೀಮೆಯನ್ನು ಸೇರಿ ವಿಜಯಪುರ, ಕಲಬುರಗಿಯ ಸೀಮೆಗೆ ಹೋಗುತ್ತದೆ. ನಮ್ಮ ಮಿತ್ರರು ಹುಡುಗರಾಗಿದ್ದಾಗ ಗಾಳ ಹಾಕಿದ್ದು ಮುಠೆಯ ಕೆಳಗಿನ ನೀರಿಗೇ!

ಗಾಳದವರಿಗಾಗಿಯೇ ಕೈಪಿಡಿ ಬರೆದವನು ಹೆನ್ರಿ ಸಲಿವನ್ ಥಾಮಸ್, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವನು. 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಹೊರಬಂದದ್ದು ಮಂಗಳೂರಿನಿಂದ. ಅಪರಿಚಿತ ಹೊಳೆಗೆ ಹೋಗುವವನು ಯಾವ ಕಾಲದಲ್ಲಿ ಹೋಗಬೇಕು, ಯಾವ ಎರೆ ಕಟ್ಟಬೇಕು ಎಂಬ ವಿವರಗಳೆಲ್ಲ ಅದರಲ್ಲಿವೆ. ಆದರೆ ಥಾಮಸ್ ಬರೀ ಮೋಜಿನ ಮನುಷ್ಯನಲ್ಲ. ಅದಕ್ಕೂ ಮೂರು ವರ್ಷ ಮೊದಲೇ ಜಿಲ್ಲೆಯ ಹೊಳೆಗಳ ಮೀನಿನ ಬಗ್ಗೆ ಸರ್ಕಾರಕ್ಕೆ ವರದಿ ಬರೆದಿದ್ದ. ಹೊಳೆಗೆ ವಿಷ ಹಾಕುವುದು, ಸಿಡಿಮದ್ದು ಸಿಡಿಸುವುದು ಅಪರಾಧವಾದದ್ದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದ. ಕಾಯ್ದೆ ಬಂದರೂ ಚಾಳಿ ಹೋಗಲಿಲ್ಲ ಅನ್ನಿ. ಅದೇ ಜಿಲ್ಲೆಯ ಶಿಶಿಲದಲ್ಲಿ ದೇವರ ಮೀನುಗಳೆಂದು ಭಕ್ತರು ಅಕ್ಕಿ ಹಾಕಿ ಸಾಕಿದ್ದ ಮಶೀರ್‌ಗಳು 1996ರಲ್ಲಿ ಯಾರೋ ಹಾಕಿದ ವಿಷಕ್ಕೆ ಸಾವಿರಗಟ್ಟಲೆ ಸತ್ತು ತೇಲಿದವು.

ಈಗ ಕಾವೇರಿಗೆ ಬರೋಣ. ಅಲ್ಲಿಯದು ಬೇರೆಯೇ ಮಶೀರ್: ಬೆನ್ನಿನ ಮೇಲೆ ಗೂನು, ಕಿತ್ತಳೆ ಬಣ್ಣದ ರೆಕ್ಕೆ, ಮತ್ತು ಎಂಥ ಗಾತ್ರ! ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು 1946ರ ಮಾರ್ಚಿಯಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ. ಮಾರ್ಕೆಟ್ ಯಾರ್ಡಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಮೂಟೆಗಿಂತ ಮೇಲೆ! ಸ್ವಾತಂತ್ರ್ಯದ ನಂತರ ಈ ಮೀನನ್ನು ಹೊರಗಿನವರು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. 1977-78ರಲ್ಲಿ ಇಂಗ್ಲೆಂಡಿನ ಮೂವರು ಗೆಳೆಯರು ಹುಡುಕಿಕೊಂಡು ಬಂದರು. ಕೊನೆಗೆ ಕಾವೇರಿಯಲ್ಲಿ 92 ಪೌಂಡಿನ ಮೀನು ಸಿಕ್ಕಿ ಸುದ್ದಿ ಲೋಕವೆಲ್ಲ ಹರಡಿತು.

ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗವನ್ನು ಕಾಯತೊಡಗಿತು. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಶಿಬಿರಗಳಾದವು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡಬೇಕು. ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಅಲ್ಲಿ ದಾರಿ ತೋರಿಸುವವರೂ ಕಾವಲುಗಾರರೂ ಆದರು. ವಿದೇಶಿ ಗಾಳದ ತುದಿಗೆ ಕಟ್ಟುತ್ತಿದ್ದ ಎರೆ ಯಾವುದು ಗೊತ್ತೇ? ನಮ್ಮ ರಾಗಿ ಮುದ್ದೆ!

ಇದೇ ಕಾಲಕ್ಕೆ ಪುಣೆಯ ಕಡೆ ಇನ್ನೊಂದು ಒಳ್ಳೆಯ ಕೆಲಸ ನಡೆದಿತ್ತು. ಖೋಪೋಲಿಯ ವಿದ್ಯುತ್ತಿಗಾಗಿ ಟಾಟಾದವರು ಲೋಣಾವಳದ ಸುತ್ತ ಕಟ್ಟಿಸಿದ ಕೆರೆಗಳಲ್ಲಿ ಮಶೀರ್ ಇತ್ತು. 1970ರ ದಶಕದಲ್ಲಿ ಮಹಾರಾಷ್ಟ್ರದ ಮೀನುಗಾರಿಕಾ ತಜ್ಞ ಸಿ. ವಿ. ಕುಲಕರ್ಣಿ ಮತ್ತು ಎಸ್. ಎನ್. ಓಗಲೆ ಅಲ್ಲಿ ಮಶೀರ್‌ನ ಮೊಟ್ಟೆಗೆ ಕೈಯಿಂದಲೇ ಫಲ ಕಟ್ಟಿಸಿ ಮರಿ ಮಾಡಿದರು. ಅಳಿಯುತ್ತಿದ್ದ ಮೀನಿಗೆ ಮರುಜೀವ ಬಂದಂತಾಯಿತು. ಲಕ್ಷಗಟ್ಟಲೆ ಮರಿಗಳು ನಾಡಿನ ನದಿ, ಕೆರೆಗಳಿಗೆ ಹೋದವು. ಕಾವೇರಿಗೂ ಹೋದವು. ಮಶೀರ್ ಕಡಿಮೆಯಾಗಿದೆ, ಮಶೀರ್ ಬಿಡೋಣ ಎಂದುಕೊಂಡರು. ಅದು ಕೃಷ್ಣಾ ಕಣಿವೆಯ ಮಶೀರ್, ಇದು ಕಾವೇರಿಯದು ಎಂಬ ಭೇದ ಆಗ ಯಾರ ತಲೆಗೂ ಬರಲಿಲ್ಲ. ಬರುವುದಾದರೂ ಹೇಗೆ? ಕಾವೇರಿಯ ಗೂನುಬೆನ್ನಿನ ಮೀನಿಗೆ ಆಗ ಒಂದು ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ.

ಸಂಗತಿ ಬಯಲಾದದ್ದು ಶಿಬಿರದ ದಾಖಲೆ ಪುಸ್ತಕದಿಂದ. ಯಾರು ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ತೂಕದ ಯಾವ ಮೀನು ಸಿಕ್ಕಿತು ಎಂದು ಗಾಳಿಬೋರೆಯಲ್ಲಿ ಬರೆದಿಡುತ್ತಿದ್ದರು. ಇಂಗ್ಲೆಂಡಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮೊದಲಾದ ಸಂಶೋಧಕರು 1998ರಿಂದ 2012ರವರೆಗಿನ ಆ ಲೆಕ್ಕವನ್ನು ಜಾಲಾಡಿದರು. ಒಟ್ಟು 23,620 ಗಂಟೆಗಳ ಗಾಳ, 6,161 ಮೀನು. ಮೇಲ್ನೋಟಕ್ಕೆ ಎಲ್ಲ ಚೆನ್ನಾಗಿತ್ತು, ಮೀನು ಹೆಚ್ಚುತ್ತಲೇ ಇತ್ತು. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯದು. ಗೂನುಬೆನ್ನಿನವು ವರ್ಷದಿಂದ ವರ್ಷಕ್ಕೆ ಇಳಿದಿದ್ದವು. ಸಿಕ್ಕವೂ ಮುದಿ, ದೊಡ್ಡ ಮೀನುಗಳೇ. ಮರಿಗಳ ಸುಳಿವೇ ಇಲ್ಲ. ನಮ್ಮ ಮಿತ್ರರ ಮಾತಿನಲ್ಲಿ ಹೇಳಿದರೆ, ಒಟ್ಟು ಜಮೆ ಸರಿಯಿದ್ದು ಒಂದು ಖಾತೆ ಮಾತ್ರ ಬರಿದಾಗುತ್ತಿತ್ತು. ಅಣೆಕಟ್ಟು, ಮರಳು ದಂಧೆ, ಸಿಡಿಮದ್ದಿನ ಪಾಲೂ ಇದರಲ್ಲಿದೆ. ಪುಣೆಯ ಮೀನೊಂದನ್ನೇ ದೂರುವುದು ಅನ್ಯಾಯ.

2018ರಲ್ಲಿ ಪಾಂಬಾರ್ ಹೊಳೆಯಿಂದ ಮೊದಲೇ ವರ್ಣಿಸಲಾಗಿದ್ದ ಟಾರ್ ರೆಮಾದೇವಿ ಎಂಬ ಮೀನೇ ಕಾವೇರಿಯ ಗೂನುಬೆನ್ನಿನ ಮಶೀರ್ ಎಂದು ತೀರ್ಮಾನವಾಯಿತು. ಮೀನು ವಿಜ್ಞಾನಿ ಕೆ. ರೆಮಾದೇವಿಯವರ ಗೌರವಾರ್ಥ ಇಟ್ಟ ಹೆಸರದು. ಅದೇ ವರ್ಷ ನವೆಂಬರಿನಲ್ಲಿ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯನ್ನೂ ಸೇರಿತು. ಹೆಸರು ಗಟ್ಟಿಯಾದ ವರ್ಷವೇ ಅಳಿವಿನ ಪಟ್ಟಿ! ಮೋಯಾರ್ ಹೊಳೆಯಲ್ಲಿ ಸಂಶೋಧಕರಿಗೆ ಕೆಲವು ಸಿಕ್ಕಿವೆ. ಇನ್ನು ಕಾವೇರಿ ವನ್ಯಧಾಮದಲ್ಲಿ ಗಾಳದ ಆಟ 2012ರಲ್ಲೇ ನಿಂತಿತು. ಗಾಳ ನಿಂತಾಗ ಆ ದಾಖಲೆ ಪುಸ್ತಕವೂ ನಿಂತಿತೆಂಬುದು ನನಗೆ ಈಗಲೂ ಬೇಸರದ ವಿಷಯ.

ಇಷ್ಟನ್ನೂ ಅಂಗಡಿಯ ಮುಂದಿನ ಚಹಾ ಗಾಡಿಯ ಬಳಿ ನಿಂತು ಹೇಳಿದೆ. ಮಿತ್ರರು ಚಹಾ ಆರುವವರೆಗೂ ಸುಮ್ಮನಿದ್ದರು. "ಹಂಗಾದ್ರ ಭೀಮೇಶ್ವರಿ ಬ್ಯಾಡ್ರಿ. ಕೆರಿ ಯಾವುದಾದ್ರೂ ಆಗ್ಲಿ, ಮೊದಲ ಪರವಾನಗಿ ಕೇಳ್ತೀನಿ," ಎಂದರು. ಅಣೆಕಟ್ಟಿನ ಕೆರೆಗಳಲ್ಲಿ ಮೀನಿನ ಹಕ್ಕನ್ನು ಗುತ್ತಿಗೆ ಕೊಟ್ಟಿರುವುದುಂಟು, ಹಾಗಾಗಿ ಮೊದಲು ಅಲ್ಲಿಯ ಮೀನುಗಾರರನ್ನು ಮಾತಾಡಿಸಿ ಎಂದೆ. ಎರೆಗೆ ರಾಗಿ ಹಿಟ್ಟು ಎಲ್ಲಿ ಸಿಗುತ್ತದೆಂದು ಅವರು ನನ್ನನ್ನು ಕೇಳಲಿಲ್ಲ. ಮಾರ್ಕೆಟ್ ಯಾರ್ಡಿನವರಲ್ಲವೇ! ಅಂಗಡಿಗೆ ಹೋಗಿ ಹಳೆಯ ವರ್ಷದ ಒಂದು ಖಾಲಿ ರೋಜು ಕೀರ್ದಿ ಪುಸ್ತಕ ತಂದು, ಮೊದಲ ಪುಟದಲ್ಲಿ ಮನೆ ಎಳೆದರು: ತಾರೀಖು, ನೀರು, ತಾಸು, ಮೀನು, ತೂಕ, ಬಿಟ್ಟದ್ದು.