ಪೂರ್ಣಯ್ಯನವರ ನಾಲೆಯಿಂದ ಲಾನ್ ಸ್ಪ್ರಿಂಕ್ಲರ್‌ವರೆಗೆ

ಮೈಸೂರಲ್ಲಿ ಮನೆ ಮಾಡಿರೋ ಮಕ್ಕಳು ಊರಿಗೆ ಫೋನ್ ಮಾಡಿ, "ಅಪ್ಪಾ, ಲಾನ್‌ಗೆ ಸ್ಪ್ರಿಂಕ್ಲರ್ ಹಾಕಿಸ್ಬೇಕು, ಯಾವುದು ಒಳ್ಳೇದು?" ಅಂತ ಕೇಳೋ ಕಾಲ ಇದು. ನಾವು ಹೊಲದ ಲೆಕ್ಕದಲ್ಲೇ ಉತ್ತರ ಹೇಳಿಬಿಡ್ತೀವಿ. ಅದಕ್ಕೆ ಮೊದಲು ಮೈಸೂರಿಗೆ ನೀರು ಬಂದ ಕಥೆ ಸ್ವಲ್ಪ ನೋಡೋಣ. ಉತ್ತರ ಅದರಲ್ಲೇ ಇದೆ.

ದೇವರಾಜ ಮೊಹಲ್ಲಾದಲ್ಲಿ ಮಾರ್ಕೆಟ್ ಪಕ್ಕ ಹಾದು ಹೋಗೋ ಸಯ್ಯಾಜಿರಾವ್ ರಸ್ತೆ ಇದೆಯಲ್ಲ, ಅದರ ಕೆಳಗೆ ಒಂದು ಹಳೇ ನಾಲೆ ಇದೆ. 19ನೇ ಶತಮಾನದ ಮೊದಲಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನ ಮೈಸೂರಿಗೆ ಹರಿಸ್ಬೇಕು ಅಂತ ತೋಡಿಸಿದ ನಾಲೆ ಅದು. ಬಹಳ ದುಡ್ಡು, ಬಹಳ ಆಳದ ಅಗೆತ. ಆದರೆ ಹೊಳೆ ತಗ್ಗಿನಲ್ಲಿ, ಊರು ಎತ್ತರದಲ್ಲಿ. ಕೆಲಸ ಅರ್ಧಕ್ಕೇ ನಿಂತಿತು, ಕಾವೇರಿ ಬರಲೇ ಇಲ್ಲ. ಊರೊಳಗಿನ ನಾಲೆ ಚರಂಡಿಯಂತಾಗಿ, ಆ ಶತಮಾನದ ಕೊನೆಯಲ್ಲಿ ಅದನ್ನ ಮುಚ್ಚಿ ರಸ್ತೆ ಮಾಡಿದರು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕುಕ್ಕರಹಳ್ಳಿ ಕೆರೆಗೆ ಮಳೆನೀರು ತರೋ ಕಾಲುವೆಗೆ ಇವತ್ತಿಗೂ ಪೂರ್ಣಯ್ಯ ನಾಲೆ ಅನ್ನೋ ಹೆಸರೇ ಉಳಿದಿದೆ.

ಕಾವೇರಿ ಊರಿಗೆ ಏರಿದ್ದು 1896ರಲ್ಲಿ, ಬೆಳಗೊಳದ ವಾಣಿವಿಲಾಸ ನೀರು ಸರಬರಾಜು ಕೇಂದ್ರದಿಂದ, ಯಂತ್ರದ ಬಲದಲ್ಲಿ. ಅಂದಿನಿಂದ ಇಂದಿನವರೆಗೂ ಮೈಸೂರಿನ ನಲ್ಲಿಗೆ ಬರೋ ಹೊಳೆನೀರು ಎತ್ತಿದ ನೀರು, ತಾನಾಗಿ ಹರಿದು ಬಂದದ್ದಲ್ಲ. ಅದೇ ಬೃಂದಾವನಕ್ಕೆ ಹೋಗಿ ನೋಡಿ. 1927ರಲ್ಲಿ ಶುರುವಾಗಿ 1932ಕ್ಕೆ ಮುಗಿದ ಆ ತೋಟ ಅಣೆಕಟ್ಟೆಯ ಬುಡದಲ್ಲಿದೆ. ಮೇಲೆ ನಿಂತ ನೀರಿನ ಒತ್ತಡದಿಂದಲೇ ಚಿಮ್ಮೋ ಹಾಗೆ ಹಳೇ ಕಾರಂಜಿಗಳನ್ನ ಮಾಡಿದರು. ನೀರು ಎತ್ತರದಲ್ಲಿದ್ದರೆ ಬಿಟ್ಟಿ ಕೆಲಸ, ತಗ್ಗಿನಲ್ಲಿದ್ದರೆ ಕರೆಂಟ್ ಬಿಲ್. ಇಷ್ಟೇ ಶಾಸ್ತ್ರ.

ಹೆಚ್ಚುಕಮ್ಮಿ ಅದೇ ಹೊತ್ತಿಗೆ, 1933ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟನ್ ಎಂಗಲ್‌ಹಾರ್ಟ್ ಅನ್ನೋ ಕಿತ್ತಳೆ-ನಿಂಬೆ ಜಾತಿಯ ತೋಟದ ರೈತ ಒಬ್ಬ ಟಕ್ ಟಕ್ ಅಂತ ಬಡೀತಾ ತಿರುಗೋ ಜೆಟ್ ಕಂಡುಹಿಡಿದ. 1935ರಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಹೊಲದಲ್ಲಿ ತಿರುಗೋದು ಅದರ ಸಂತಾನವೇ. ಕೊಡಗು, ಚಿಕ್ಕಮಗಳೂರು ಕಡೆ ರೊಬಸ್ಟಾ ಕಾಫಿಗೆ ಫೆಬ್ರವರಿ-ಮಾರ್ಚಲ್ಲಿ ಹೂಮಳೆ ಬಾರದಿದ್ದರೆ ಇದೇ ಜೆಟ್ಟು ಮಳೆ ಸುರಿಸುತ್ತೆ. ಅಂದರೆ ಇದು ಬೆಳೆಗಾಗಿ ಹುಟ್ಟಿದ ಸಾಮಾನು.

ಈಗ ಲಾನ್ ವಿಷಯ. ಹೊಲದ ಜೆಟ್ಟಿಗೆ ಎರಡೂವರೆಯಿಂದ ಮೂರು ಕೆಜಿ ಪ್ರೆಷರ್ ಬೇಕು, 40 ಅಡಿ ದೂರ ಎಸೆಯುತ್ತೆ. 30-40 ಸೈಟಲ್ಲಿ ಅದನ್ನ ಇಟ್ಟರೆ ಪಕ್ಕದ ಮನೆಯವರ ಬಟ್ಟೆ ಒಣಗೋದಿಲ್ಲ! ಲಾನ್‌ಗೆ ಅಂತಲೇ ನೆಲದಿಂದ ಎದ್ದು ನಿಲ್ಲೋ ಪಾಪ್-ಅಪ್ ಬರುತ್ತೆ. ಅದಕ್ಕೂ 2 ಕೆಜಿ ಬೇಕು. ಒಂದು ಕೆಜಿಗೆ 33 ಅಡಿ ಎತ್ತರದ ಲೆಕ್ಕ. ಎರಡಂತಸ್ತಿನ ಮನೆ ಮೇಲಿನ ಟ್ಯಾಂಕ್ 25 ಅಡಿ ಇದ್ದರೆ ಮುಕ್ಕಾಲು ಕೆಜಿ ಸಿಗುತ್ತೆ ಅಷ್ಟೆ. ಪೂರ್ಣಯ್ಯನವರ ನಾಲೆ ಕಥೆಯೇ ಮತ್ತೆ: ಪೈಪ್ ಹೂತಿರುತ್ತೆ, ನೀರು ಮೇಲೇಳೋದಿಲ್ಲ. ಸಂಪಿನಿಂದ ಸಣ್ಣ ಮೋಟರ್ ಇಡಲೇಬೇಕು.

ಪಾಪ್-ಅಪ್‌ನಲ್ಲಿ ಎರಡು ಬಗೆ. ನಿಂತಲ್ಲೇ ಬೀಸಣಿಗೆ ಹಾಗೆ ಚಿಮ್ಮೋದು ಗಂಟೆಗೆ ಸುಮಾರು 40 ಮಿ.ಮೀ. ನೀರು ಹಾಕುತ್ತೆ. ತಿರುಗೋ ರೋಟರ್ 10-15 ಮಿ.ಮೀ. ನಮ್ಮ ಕಡೆ ನೆಲಕ್ಕೆ, ಅದರಲ್ಲೂ ಕಟ್ಟಡದ ಕಾಲಲ್ಲಿ ತುಳಿದು ಗಟ್ಟಿಯಾದ ಮಣ್ಣಿಗೆ, ನಿಧಾನವೇ ಒಳ್ಳೇದು. ಜಾಗ ತೀರಾ ಚಿಕ್ಕದಾದರೆ ಮಾತ್ರ ಮೊದಲನೇದು, ಅದೂ ಮೂರ್ನಾಲ್ಕು ನಿಮಿಷದಂತೆ ಎರಡು ಸಲ ಬಿಟ್ಟು ಬಿಟ್ಟು.

ಯಾಕೆ ಇಷ್ಟು ಲೆಕ್ಕ? 1000 ಚದರಡಿ ಲಾನ್‌ಗೆ 5 ಮಿ.ಮೀ. ಅಂದರೆ ಸುಮಾರು 465 ಲೀಟರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರದ ಮಾನದಂಡ, ಅಂದರೆ ಮೂರು ಜನದ ನೀರು ಕೊಟ್ಟರೂ ಸಾಲದು. ಬೀಸಣಿಗೆ ನಾಜಲ್ ಅರ್ಧ ಗಂಟೆ ಮರೆತರೆ 1,860 ಲೀಟರ್! 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಗಿದ್ದು ಮರೆತಿಲ್ಲ ತಾನೆ? ಮುಂದಿನ ಮಾರ್ಚಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯೋ ನೀರನ್ನ ಗಾರ್ಡನ್‌ಗೆ ಹಾಕಿದರೆ 5,000 ರೂಪಾಯಿ ದಂಡ ಅಂದಿತು. ಅದೇ ಕಾವೇರಿಗೇ ನಾವೂ ನಾಲೆ ತುದಿಯಲ್ಲಿ ಕಾಯ್ತಿರ್ತೀವಿ.

ಹಾಗಾಗಿ ಮಕ್ಕಳು ಕೇಳಿದರೆ ಮೊದಲು ಇಷ್ಟು ಹೇಳಿ: ಹುಲ್ಲಿನ ಜಾಗ ಅರ್ಧ ಮಾಡು, ಉಳಿದದ್ದಕ್ಕೆ ದಾಸವಾಳ, ಕರಿಬೇವು ಹಾಕಿ ಡ್ರಿಪ್ ಬಿಡು. ಲಾನ್‌ಗೆ ಸಂಪಿನ ಮಳೆನೀರು ಬಳಸು. ಸ್ಪ್ರಿಂಕ್ಲರ್ ಹಾಕಿಸಿದ ಮೇಲೆ ಹುಲ್ಲಿನ ಮೇಲೆ ಅಲ್ಲಲ್ಲಿ ನೆಟ್ಟಗಿರೋ ನಾಲ್ಕು ಡಬ್ಬ ಇಟ್ಟು ಹತ್ತು ನಿಮಿಷ ಓಡಿಸಿ, ಸ್ಕೇಲಲ್ಲಿ ಅಳೆದು ನೋಡು. ಒಂದರಲ್ಲಿ ಹೆಚ್ಚು ಇನ್ನೊಂದರಲ್ಲಿ ಕಮ್ಮಿ ಬಂದರೆ, ಕೆಲಸದವನಿಗೆ ಪೂರ್ತಿ ದುಡ್ಡು ಕೊಡೋದಕ್ಕೆ ಮುಂಚೆ ಸರಿ ಮಾಡಿಸ್ಕೊ.